ಮೊದ್ಲು ತಲೆ ಅಳೀರಿ

ಮೊನ್ನೆ ನಮ್ಮ ಬಿಲ್ಡಿಂಗಿನ ಎರಡನೇ ಫ್ಲೋರ್ ಹುಡುಗಿ ಬಂದು ಆಂಟಿ ನಮ್ಮ ಪಾಪುಗೆ ಒಂದು ಸ್ವೆಟರ್ ಹಾಕಿಕೊಡ್ತೀರಾ ಅಂತ ಕೇಳಿದ್ಲು, ಅಳತೆ ಏನಮ್ಮ ಅಂದೆ, ಒಂದು ವರ್ಷ ಆಂಟಿ ಅಂದ್ಲು. ಕೇಳೋಕೆ ಬಂದೋರೆಲ್ಲ ಹೀಗೇ ಹೇಳ್ತಾರೆ. ಒಂದು ವರ್ಷ ಅನ್ನೋದು ವಯಸ್ಸಾಯ್ತು, ಅಳತೆ ಆಗ್ಲಿಲ್ಲ. ಒಂದೇ ತಿಂಗಳಲ್ಲಿ ಹುಟ್ಟಿದ ಇಬ್ರು ಮಕ್ಕಳನ್ನ ಪಕ್ಕಪಕ್ಕ ಕೂರಿಸಿ ನೋಡಿ, ಒಂದು ಗುಂಡುಗುಂಡಗೆ ಇರತ್ತೆ ಇನ್ನೊಂದು ಸಣಕಲು. ಹೊಲಿಗೆ ಟೇಪ್ ಕೈಗೆ ಕೊಟ್ಟು ಕಳಿಸಿದೆ, ಮೊದ್ಲು ತಲೆ ಸುತ್ತಳತೆ ತಗೊಂಡು ಬಾ, ಹುಬ್ಬಿನ ಮೇಲಿಂದ ಹಿಂದೆ ತಲೆ ಉಬ್ಬಿರೋ ಜಾಗದ ಮೇಲೆ ಹಾಯಿಸಿ, ಆಮೇಲೆ ಎದೆ, ಆಮೇಲೆ ಕಂಕುಳಿಂದ ಮಣಿಕಟ್ಟಿನ ತನಕ ತೋಳು ಅಂತ ಹೇಳಿ. ಸ್ವೆಟರಿಗೆ ತಲೆ ಅಳತೆ ಯಾಕೆ ಆಂಟಿ ಅಂತ ಕೇಳಿದ್ಲು. ಬಾಗಿಲಲ್ಲೇ ನಿಂತು ಅವಳಿಗೆ ಅರ್ಧಂಬರ್ಧ ಹೇಳಿದ್ದನ್ನ ಇವತ್ತು ಇಲ್ಲಿ ಪೂರ್ತಿ ಬರೀತಿದೀನಿ.

ನಾನು ಹೆಣಿಗೆ ಕಲಿತಿದ್ದು ತೀರ್ಥಹಳ್ಳಿಯಲ್ಲಿ, ಸ್ಕೂಲಿನ ಕ್ರಾಫ್ಟ್ ಪೀರಿಯಡ್‌ನಲ್ಲಿ. ನಿಜವಾದ ಹೆಣಿಗೆ ಕಡ್ಡಿ ಎಲ್ಲರ ಹತ್ರ ಇರ್ತಿರ್ಲಿಲ್ಲ, ಸೈಕಲ್ ಸ್ಪೋಕ್‌ನ ತುದಿ ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡ್ಕೊಂಡು ತರ್ತಿದ್ವಿ. ಸೀದಾ ಒಂದು ಸಾಲು ಉಲ್ಟಾ ಒಂದು ಸಾಲು, ಅಷ್ಟೇ ಮೊದಲ ವರ್ಷ ಪೂರ್ತಿ. ಆಮೇಲೆ ಮನೇಲಿ ಅಮ್ಮ ಕಲಿಸಿದ್ರು, ಅಮ್ಮಂಗೆ ಪುಸ್ತಕ ಪ್ಯಾಟರ್ನ್ ಏನೂ ಬೇಕಿರ್ಲಿಲ್ಲ, ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಗೇಣಲ್ಲಿ ಅಳೆದು ಕುಣಿಕೆ ಲೆಕ್ಕ ಹಾಕಿಬಿಡ್ತಿದ್ರು.

ಅಕ್ಕನ ಮಗ ಹುಟ್ಟಿ ವರ್ಷ ತುಂಬೋ ಹೊತ್ತಿಗೆ ನಾನು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದೆ. ಚಿಕ್ಕಪೇಟೆ ಗಲ್ಲೀಲಿ ತಿರುಗಿ ಆಕಾಶನೀಲಿ ಬಣ್ಣದ ಉಲ್ಲನ್ ತಂದು ಎರಡು ತಿಂಗಳು ರಾತ್ರಿ ಕೂತು ಒಂದು ಸ್ವೆಟರ್ ಹೆಣೆದೆ. ಮುಂದೆ ಜಡೆ ಡಿಸೈನ್, ಪಕ್ಕದಲ್ಲಿ ಸಣ್ಣ ಸಣ್ಣ ಗುಳ್ಳೆ, ಅಂಚು ಒಂದಕ್ಕೊಂದು ಸಮ. ಊರಿಗೆ ತಗೊಂಡು ಹೋಗಿ ಹಬ್ಬದ ಬೆಳಗ್ಗೆ ಎಲ್ಲರ ಮುಂದೆ ಮಗೂಗೆ ಹಾಕೋಕೆ ಹೋದ್ರೆ ಕುತ್ತಿಗೆ ತಲೆ ಮೇಲೆ ಇಳೀಲಿಲ್ಲ. ಹಣೆ ತನಕ ಬಂತು, ಅಲ್ಲಿಗೆ ನಿಂತ್ಕೊಂಡ್ತು. ಅಕ್ಕ ಸ್ವಲ್ಪ ಎಳೆದ್ಲು, ಮಗು ಕಿವಿ ಮಡಚಿಕೊಂಡು ಮುಖ ಕಾಣದೆ ಕತ್ತಲಾಗಿ ಹೆದರಿ ಕಿರುಚಿಕೊಳ್ತು ನೋಡಿ, ಆ ಅಳು ಇವತ್ತಿಗೂ ನನ್ನ ಕಿವೀಲಿದೆ. ತೆಗೆದ್ಮೇಲೆ ಎರಡೂ ಕಿವಿ ಕೆಂಪಗಾಗಿತ್ತು. ಅದಾದ್ಮೇಲೆ ಎಷ್ಟೋ ದಿನ ಆ ಮಗು ತಲೆ ಮೇಲಿಂದ ಯಾವ ಬಟ್ಟೆ ಹಾಕೋಕೆ ಹೋದ್ರೂ ಕೈ ಅಡ್ಡ ಹಿಡೀತಿತ್ತಂತೆ.

ಎದೆ ಅಳತೆ ಸರಿಯಿತ್ತು, ತೋಳು ಸರಿಯಿತ್ತು, ದೊಡ್ಡವರ ಸ್ವೆಟರನ್ನೇ ಚಿಕ್ಕದು ಮಾಡಿದ್ರೆ ಮಕ್ಕಳ ಸ್ವೆಟರ್ ಆಗತ್ತೆ ಅಂದ್ಕೊಂಡಿದ್ದೆ. ಮಕ್ಕಳ ಮೈ ಹಾಗಿರೋದೇ ಇಲ್ಲ. ಹುಟ್ಟಿದ ಮಗೂನ ಉದ್ದದಲ್ಲಿ ಹತ್ರಹತ್ರ ಕಾಲು ಭಾಗ ತಲೇನೇ ಇರತ್ತೆ. ಆಗ ತಲೆ ಸುತ್ತಳತೆ ಎದೆಗಿಂತ ಸುಮಾರು 2 ಸೆಂಟಿಮೀಟರ್ ಜಾಸ್ತಿ, ವರ್ಷದ ಹೊತ್ತಿಗೆ ಎರಡೂ ಸಮಸಮ ಆಗತ್ತೆ, ಆಮೇಲೇನೇ ಎದೆ ಮುಂದೆ ಹೋಗೋದು. ಅಂದ್ರೆ ಒಂದು ವರ್ಷದ ಮಗೂಗೆ ಎದೆ ಎಷ್ಟು ಅಗಲವೋ ಕುತ್ತಿಗೆ ಎಳೆದಾಗ ಅಷ್ಟೇ ಅಗಲ ಹಿಗ್ಗಬೇಕು. ದೊಡ್ಡವರಿಗೆ ಈ ತಾಪತ್ರಯ ಇಲ್ಲ, ಅದಕ್ಕೇ ನಮಗೆ ಹೊಳೆಯೋದೂ ಇಲ್ಲ.

ಅಮ್ಮ ನನಗೆ ಒಂದು ಮಾತೂ ಅನ್ಲಿಲ್ಲ. ಮಧ್ಯಾಹ್ನ ಎಲ್ಲ ಮಲಗಿದ್ಮೇಲೆ ಕನ್ನಡಕ ಹಾಕ್ಕೊಂಡು ಜಗಲೀಲಿ ಕೂತು ಎಡ ಭುಜದ ಹೊಲಿಗೆ ಬಿಚ್ಚಿದ್ರು, ಕುತ್ತಿಗೆ ಪಟ್ಟಿ ಅಲ್ಲಿಗೆ ತುಂಡು ಮಾಡಿದ ಹಾಗೆ ಬಿಡಿಸಿದ್ರು, ಎರಡೂ ಅಂಚಿಗೆ ನಾಲ್ಕು ನಾಲ್ಕು ಸಾಲು ಹೆಣೆದು ಒಂದು ಕಡೆ ಕಾಜ ಬಿಟ್ಟು ಇನ್ನೊಂದು ಕಡೆ ಮೂರು ಗುಂಡಿ ಹೊಲಿದ್ರು. ಸಂಜೆ ಅದೇ ಸ್ವೆಟರ್ ಮಗು ನಗ್ತಾ ಇರೋವಾಗ್ಲೇ ತಲೆ ದಾಟಿ ಇಳೀತು. ಭುಜದ ಮೇಲೆ ಗುಂಡಿ ಇರೋ ಹಳೇ ಕಾಲದ ಸ್ವೆಟರ್ ಎಷ್ಟು ನೋಡಿರ್ತೀವಿ, ಅದು ಚೆಂದಕ್ಕೆ ಇಟ್ಟಿದ್ದು ಅಂತಾನೇ ನಾನು ತಿಳ್ಕೊಂಡಿದ್ದೆ. ಗುಂಡಿ ಬೆನ್ನ ಹಿಂದೆ ಯಾಕೆ ಬೇಡ ಅಂದ್ರೆ ಮಗು ಮಲಗಿದಾಗ ಒತ್ತತ್ತೆ. ಗುಂಡಿ ಹೊಲಿಯೋವಾಗ ಕೈ ಬಿಗಿಯಾಗಿ ಆರೇಳು ಸುತ್ತು ಹೊಲೀಬೇಕು, ಹಲ್ಲು ಬರೋ ಮಕ್ಕಳು ಗುಂಡಿ ಬಾಯಿಗೆ ಹಾಕಿ ಕಚ್ಚಿ ಎಳೀತಾವೆ, ಕಿತ್ತು ಬಂದ್ರೆ ಗಂಟಲಿಗೆ ಹೋಗತ್ತೆ. ನಾನು ಹೊಲಿದ್ಮೇಲೆ ನನ್ನ ಹಲ್ಲಲ್ಲೇ ಒಂದ್ಸಲ ಎಳೆದು ನೋಡ್ತೀನಿ.

ಈಗ ಲೆಕ್ಕದ ವಿಷ್ಯ ಸ್ವಲ್ಪ. ನಮ್ಮಲ್ಲಿ ಕಡ್ಡಿಗೆ ನಂಬರ್ ಹೇಳ್ತಾರೆ, ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ತೆಳು. 8ನೇ ನಂಬರ್ ಅಂದ್ರೆ 4 ಮಿಲಿಮೀಟರ್ ದಪ್ಪ, 10ನೇ ನಂಬರ್ ಅಂದ್ರೆ ಮೂರೂಕಾಲು. ಮಕ್ಕಳ ಸ್ವೆಟರಿಗೆ ಸಾಮಾನ್ಯವಾಗಿ ತಗೊಳ್ಳೋ ಮಧ್ಯಮ ದಪ್ಪದ ನೂಲಿಗೆ ಅಂಚು ಪಟ್ಟಿ 10ರಲ್ಲಿ, ಮೈ 8ರಲ್ಲಿ. ಹಾಗೆ ಹೆಣೆದ್ರೆ 10 ಸೆಂಟಿಮೀಟರ್ ಅಗಲಕ್ಕೆ ಹೆಚ್ಚುಕಮ್ಮಿ 22 ಕುಣಿಕೆ ಬರತ್ತೆ, ಆದ್ರೆ ಒಬ್ಬೊಬ್ಬರ ಕೈ ಬಿಗಿ ಒಂದೊಂದು ಥರ, ದಯವಿಟ್ಟು ಒಂದು ಅಂಗೈ ಅಗಲದ ತುಂಡು ಹೆಣೆದು ಎಣಿಸಿಯೇ ಶುರು ಮಾಡಿ. ಎದೆ 46 ಸೆಂಟಿಮೀಟರ್ ಇದ್ರೆ ಗಾಳಿ ಆಡೋಕೆ 6 ಸೇರಿಸಿ 52, ಮುಂದಕ್ಕೊಂದು ಹಿಂದಕ್ಕೊಂದು ಭಾಗ ಅಂತ ಅದರಲ್ಲಿ ಅರ್ಧ 26, ಅದಕ್ಕೆ 57 ಕುಣಿಕೆ. ಇಷ್ಟು ಲೆಕ್ಕ ಬಂದ್ರೆ ಯಾವ ಪ್ಯಾಟರ್ನೂ ಹುಡುಕೋದು ಬೇಡ, ಯಾವ ಮಗೂಗಾದ್ರೂ ಹಾಕಬಹುದು. ಕುತ್ತಿಗೆ ಮುಗಿಸೋ ಸಾಲನ್ನ ಮಾತ್ರ ದಪ್ಪ ಕಡ್ಡೀಲಿ ಸಡಿಲವಾಗಿ ಮುಗಿಸಿ, ಅಲ್ಲಿ ಕೈ ಬಿಗಿ ಆದ್ರೆ ಹಿಂದೆ ಎಷ್ಟು ಹಿಗ್ಗೋ ಪಟ್ಟಿ ಹೆಣೆದ್ರೂ ದಾರ ಕಟ್ಟಿದ ಹಾಗೆ ಆಗತ್ತೆ. ನನ್ನ ನೀಲಿ ಸ್ವೆಟರಲ್ಲಿ ಆಗಿದ್ದೂ ಅದೇ.

ಟೋಪಿಗೆ ಇದರ ಉಲ್ಟಾ. ಸ್ವೆಟರ್ ಮೈಗಿಂತ ದೊಡ್ಡದಿರಬೇಕು, ಟೋಪಿ ತಲೆಗಿಂತ ಚಿಕ್ಕದಿರಬೇಕು, ಹಿಗ್ಗಿ ಕೂತ್ರೇನೇ ನಿಲ್ಲೋದು. ಸಡಿಲ ಆದ್ರೆ ಕಣ್ಣ ಮೇಲೆ ಮೂಗಿನ ಮೇಲೆ ಜಾರಿ ಇಳಿಯತ್ತೆ, ಚಿಕ್ಕ ಮಗೂಗೆ ಅದನ್ನ ಸರಿಸಿಕೊಳ್ಳೋಕೂ ಬರಲ್ಲ. 46 ತಲೆಗೆ ನಾನು 88 ಕುಣಿಕೆ ಹಾಕ್ತೀನಿ, ಅಂದ್ರೆ 40 ಸೆಂಟಿಮೀಟರ್. ನೆತ್ತಿ ಹತ್ರ ಎಂಟು ಭಾಗ ಮಾಡಿ, ಭಾಗಕ್ಕೆ 11 ಕುಣಿಕೆ ಬರತ್ತೆ, ಒಂದು ಸಾಲು ಬಿಟ್ಟು ಒಂದು ಸಾಲು ಪ್ರತಿ ಭಾಗದಲ್ಲೂ ಎರಡನ್ನ ಸೇರಿಸಿ ಒಂದು ಮಾಡ್ತಾ ಹೋದ್ರೆ ಹೂವಿನ ಎಸಳಿನ ಥರ ಮುಚ್ಚಿಕೊಳ್ಳತ್ತೆ.

ಟೋಪಿ ಬಗ್ಗೆ ನನಗೆ ನಿಜವಾಗಿ ಕಲಿಸಿದ್ದು ಒಬ್ಬ ಸಿಸ್ಟರ್. ಕೆಲವು ವರ್ಷದ ಹಿಂದೆ ನಮ್ಮ ಸಂಬಂಧಿಕರ ಮಗು ಏಳೂವರೆ ತಿಂಗಳಿಗೇ ಹುಟ್ಟಿ ಒಂದು ಆಸ್ಪತ್ರೆಯ ಐಸಿಯು ಒಳಗಿತ್ತು, ನಾನು ಊಟ ತಗೊಂಡು ಹೋಗಿ ಹೊರಗೆ ಕೂತಿರೋವಾಗ ಕೈ ಸುಮ್ನಿರದೆ ಹೆಣೀತಿದ್ದೆ. ಸಿಸ್ಟರ್ ನೋಡಿ ಅಮ್ಮಾ ನಮ್ಮ ಪಾಪುಗಳಿಗೆ ಟೋಪಿ ಹಾಕಿಕೊಡ್ತೀರಾ ಅಂತ ಕೇಳಿದ್ರು. ಎಷ್ಟು ದೊಡ್ಡದು ಸಿಸ್ಟರ್ ಅಂದಿದ್ದಕ್ಕೆ ಒಳಗಿಂದ ಒಂದು ಹಳೇ ಟೋಪಿ ತಂದು ತೋರಿಸಿದ್ರು, ನನ್ನ ಮುಷ್ಟಿಗೆ ಹಾಕಿದ್ರೆ ಸರಿಯಾಗಿ ಕೂತ್ಕೊಳ್ತು. ತಿಂಗಳು ತುಂಬಿ ಹುಟ್ಟಿದ ಮಗೂಗೆ ತಲೆ 33ರಿಂದ 35 ಸೆಂಟಿಮೀಟರ್ ಇರತ್ತೆ, ಅಲ್ಲಿ ಒಳಗಿರೋ ಮಕ್ಕಳಿಗೆ 28, 27, ಇನ್ನೂ ಕಮ್ಮಿ. ಅಂಥಾ ಮಕ್ಕಳ ಮೈಯಲ್ಲಿ ಕೊಬ್ಬು ಇನ್ನೂ ತುಂಬಿರಲ್ಲ, ನಡುಗಿ ಬಿಸಿ ಮಾಡ್ಕೊಳ್ಳೋ ಶಕ್ತೀನೂ ಇರಲ್ಲ, ಮೈಗೆ ಹೋಲಿಸಿದ್ರೆ ತಲೆ ದೊಡ್ಡದಾದ್ರಿಂದ ಅಲ್ಲಿಂದ ಬಹಳ ಶಾಖ ಹೋಗ್ತಾ ಇರತ್ತೆ. ಮಗು ತಣ್ಣಗಾದ್ರೆ ಹಾಲು ಕುಡಿಯೋಕೆ, ತೂಕ ಏರೋಕೆ ಅಂತ ಇರೋ ಶಕ್ತಿಯೆಲ್ಲ ಬಿಸಿ ಕಾಯ್ಕೊಳ್ಳೋದಕ್ಕೇ ಖರ್ಚಾಗತ್ತೆ ಅಂತ ಸಿಸ್ಟರ್ ಹೇಳಿದ್ರು.

ಅಲ್ಲಿ ಕಾಂಗರೂ ಕೇರ್ ಅಂತ ಮಾಡಿಸ್ತಿದ್ರು. ತಾಯಿ ಎದೆ ಮೇಲೆ ಮಗೂನ ಮೈಗೆ ಮೈ ತಾಗೋ ಹಾಗೆ ಕಪ್ಪೆ ಥರ ಮಲಗಿಸಿ ಬಟ್ಟೇಲಿ ಕಟ್ಟೋದು, ದಿನಕ್ಕೆ ಗಂಟೆಗಟ್ಟಲೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಇಂಕ್ಯುಬೇಟರ್ ಸಾಲದೇ ಇದ್ದಾಗ ಡಾಕ್ಟರುಗಳು ಶುರು ಮಾಡಿದ್ದಂತೆ, ಈಗ ಡಬ್ಲ್ಯೂಎಚ್‌ಓನೇ ಎಲ್ಲ ಕಡೆ ಮಾಡಿ ಅನ್ನತ್ತೆ. ಆಗ ಮಗು ಮೈ ಮೇಲೆ ಇರೋದು ಡೈಪರ್, ಕಾಲುಚೀಲ, ಟೋಪಿ, ಅಷ್ಟೇ. ನಾನು ಮೊದಲು ಕೊಟ್ಟ ಟೋಪೀಲಿ ಒಂದಕ್ಕೆ ತುದೀಲಿ ಉಲ್ಲನ್ ಗೊಂಡೆ ಕಟ್ಟಿದ್ದೆ, ಇನ್ನೊಂದಕ್ಕೆ ಗದ್ದದ ಕೆಳಗೆ ಕಟ್ಟೋ ದಾರ. ಸಿಸ್ಟರ್ ಎರಡನ್ನೂ ಪ್ರೀತಿಯಿಂದಾನೇ ವಾಪಸ್ ಕೊಟ್ರು. ಗೊಂಡೆ ಇದ್ರೆ ಮಗು ತಲೆ ಓರೆಯಾಗತ್ತೆ ಅಮ್ಮಾ, ದಾರ ಕುತ್ತಿಗೆಗೆ ಸುತ್ಕೊಳ್ಳತ್ತೆ, ಹೂವು ಗೀವು ಏನೂ ಬೇಡ, ಮೆತ್ತಗಿರ್ಲಿ, ಒಗೆಯೋಕೆ ಬರ್ಲಿ ಅಂದ್ರು. ಆವತ್ತಿಂದ 56 ಕುಣಿಕೆ, ಪೂರ್ತಿ ಹಿಗ್ಗೋ ಪಟ್ಟಿ, ಹೊಲಿಗೆ ಇಲ್ಲದೆ ಸುತ್ತಾ ಹೆಣೆದಿದ್ದು, ಒಂದಕ್ಕೆ ಹತ್ತಿರಹತ್ತಿರ ಎರಡು ಗಂಟೆ ಬೇಕು. ಪ್ರತಿ ತಿಂಗಳು ಆದಷ್ಟು ಕೊಟ್ಟು ಬರ್ತೀನಿ. ಯಾವ ಮಗು ಹಾಕ್ಕೊಳ್ತು ಅಂತ ನನಗೆ ಗೊತ್ತಾಗಲ್ಲ, ಆದ್ರೆ ನಮ್ಮ ಸಂಬಂಧಿಕರ ಆ ಮಗು ಈಗ ಸ್ಕೂಲಿಗೆ ಹೋಗ್ತಿದೆ, ಅದರ ಮೊದಲ ಟೋಪಿ ಅವರಮ್ಮನ ಬೀರುವಿನಲ್ಲಿ ಇನ್ನೂ ಇದೆ, ಕಿತ್ತಳೆಹಣ್ಣಿಗೆ ಹಾಕಿದ್ರೆ ಸರಿಹೋಗೋ ಅಷ್ಟು ಪುಟ್ಟದು.

ಇಲ್ಲೇ ಒಂದು ಮಾತು ಹೇಳಲೇಬೇಕು, ಅಜ್ಜಿಯರಿಗೆ ಬೇಜಾರಾಗಬಹುದು. ನಮ್ಮಲ್ಲಿ ಬಾಣಂತನ ಅಂದ್ರೆ ಮಗೂಗೆ ಹಗಲೂ ರಾತ್ರಿ ಕುಲಾವಿ ಕಟ್ಟಿಯೇ ಇರ್ತೀವಿ, ಕಿವಿಗೆ ಗಾಳಿ ಹೋಗಬಾರ್ದು ಅಂತ. ತಿಂಗಳು ತುಂಬಿದ ಆರೋಗ್ಯದ ಮಗೂಗೆ ಮನೆ ಒಳಗೆ ಮಲಗಿಸೋವಾಗ ಟೋಪಿ ಬೇಡ ಅಂತಾರೆ ಈಗಿನ ಮಕ್ಕಳ ಡಾಕ್ಟರುಗಳು, ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರ ಸಲಹೇಲಿ ಇದನ್ನ ಸೇರಿಸಿದೆ. ಮಗು ಮೈ ಬಿಸಿ ಜಾಸ್ತಿ ಆದಾಗ ತಲೆಯಿಂದಾನೇ ಹೊರಗೆ ಹೋಗಬೇಕು, ಅದನ್ನ ಮುಚ್ಚಿಟ್ರೆ ಬೆವರಿ ಒದ್ದಾಡತ್ತೆ, ನಿದ್ದೇಲಿ ಜಾರಿ ಮುಖ ಮುಚ್ಚೋ ಭಯ ಬೇರೆ. ಬೆಂಗಳೂರಲ್ಲಿ ಡಿಸೆಂಬರ್ ಬೆಳಗ್ಗೆ 15-16 ಡಿಗ್ರಿ ಇರೋವಾಗ ಹೊರಗೆ ಕರ್ಕೊಂಡು ಹೋಗೋಕೆ ಟೋಪಿ ಬೇಕೇ ಬೇಕು, ಮನೆಗೆ ಬಂದ ಕೂಡ್ಲೇ ತೆಗೀರಿ. ಟೋಪಿ ಹೆಣೆಯೋದು ನನಗೆ ಇಷ್ಟೊಂದು ಇಷ್ಟ ಇದ್ರೂ ಇದನ್ನ ಹೇಳ್ದೆ ಕೊಟ್ಟು ಕಳಿಸಲ್ಲ.

ನೂಲಿನ ವಿಷ್ಯಕ್ಕೆ ಬಂದ್ರೆ, ಅಂಗಡೀಲಿ ಉಲ್ಲನ್ ಅಂತ ಕೊಡೋದರಲ್ಲಿ ಮುಕ್ಕಾಲು ಪಾಲು ಅಕ್ರಿಲಿಕ್ ಅನ್ನೋ ಕೃತಕ ನೂಲು ಇರತ್ತೆ, ಹೆಚ್ಚಾಗಿ ಲೂಧಿಯಾನದ ಕಡೆಯಿಂದ ಬರೋದು. ಚಳಿಗಾಲದಲ್ಲಿ ಬೈಲುಕುಪ್ಪೆ ಮುಂಡಗೋಡಿನ ಟಿಬೆಟಿಯನ್ನರು ಬೀದೀಲಿ ಸಾಲಾಗಿ ನೇತುಹಾಕಿ ಮಾರೋ ಸ್ವೆಟರುಗಳೂ ಬಹಳಷ್ಟು ಅಲ್ಲಿನ ಮಷಿನ್‌ನವೇ. ಅಕ್ರಿಲಿಕ್ ಕೆಟ್ಟದ್ದು ಅಂತ ನಾನು ಹೇಳಲ್ಲ, ಮೆತ್ತಗಿರತ್ತೆ, ಬೆಲೆ ಕಮ್ಮಿ, ವಾಷಿಂಗ್ ಮಷಿನ್‌ಗೆ ಹಾಕಬಹುದು, ಆಟ ಆಡೋ ಮಕ್ಕಳಿಗೆ ಅದೇ ಸರಿ. ಆದ್ರೆ ಬಾಣಂತಿ ಕೋಣೆಗೆ ಬೇಡ. ನಮ್ಮ ಕಡೆ ಮಗೂಗೆ ಎಣ್ಣೆನೀರು ಹಾಕಿ ಒರೆಸಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡ್ತಾರಲ್ಲ, ಒಂದು ಕಿಡಿ ಹಾರಿದ್ರೆ ಅಕ್ರಿಲಿಕ್ ಕರಗಿ ಮೈಗೆ ಅಂಟ್ಕೊಳ್ಳತ್ತೆ. ನಿಜವಾದ ಉಣ್ಣೆ ಹಾಗಲ್ಲ, ಸುಲಭಕ್ಕೆ ಹೊತ್ತಲ್ಲ, ಬೆಂಕಿ ದೂರ ಮಾಡಿದ್ರೆ ತಾನೇ ಆರತ್ತೆ. ಕೊಳ್ಳೋಕೆ ಮುಂಚೆ ಒಂದು ಎಳೆ ಕೇಳಿ ತಗೊಂಡು ಬಂದು ಮನೇಲಿ ದೀಪಕ್ಕೆ ಇಕ್ಕಳದಲ್ಲಿ ಹಿಡಿದು ನೋಡಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬರತ್ತೆ, ಬೆರಳಲ್ಲಿ ಹೊಸಕಿದ್ರೆ ಕರಿ ಪುಡಿ ಆಗತ್ತೆ. ಅಕ್ರಿಲಿಕ್ ಆದ್ರೆ ಕರಗಿ ತೊಟ್ಟಿಕ್ಕಿ ತುದೀಲಿ ಗಟ್ಟಿ ಮಣಿ ಕಟ್ಟತ್ತೆ. ಇನ್ನು ನಮ್ಮ ಚಳ್ಳಕೆರೆ ಕಡೆ ಕುರಿ ಉಣ್ಣೆ ಕಂಬಳಿಗೆ ಚಿನ್ನ, ಮಕ್ಕಳ ಚರ್ಮಕ್ಕೆ ಮಾತ್ರ ಒರಟು, ಚುಚ್ಚತ್ತೆ. ಯಾವ ನೂಲಾದ್ರೂ ಕೆನ್ನೆಗೆ ಅಲ್ಲ, ಕುತ್ತಿಗೆಯ ಪಕ್ಕಕ್ಕೆ ಒತ್ತಿ ಐದು ನಿಮಿಷ ಇಟ್ಟು ನೋಡಿ, ನಿಮಗೆ ತುರಿಸಿದ್ರೆ ಮಗೂಗೆ ಖಂಡಿತ ತುರಿಸತ್ತೆ.

ಹೊರಗಿನ ಡಿಸೈನ್ ನೋಡೋ ಮೊದ್ಲು ಒಳಗೆ ತಿರುಗಿಸಿ ನೋಡಿ. ಎರಡು ಬಣ್ಣದಲ್ಲಿ ಹೂವು ಹೆಣೆದಾಗ ಹಿಂದೆ ದಾರ ಉದ್ದುದ್ದ ತೇಲ್ತಾ ಇರತ್ತೆ, ಕಾಲುಚೀಲ ಕೈಗವಸಿನಲ್ಲಿ ಅದು ಬಹಳ ಅಪಾಯ, ಮಗೂನ ಕಾಲ್ಬೆರಳಿಗೆ ಸುತ್ಕೊಂಡ್ರೆ ರಕ್ತ ಓಡಾಟ ನಿಂತು ಬೆರಳು ಊದತ್ತೆ, ಮಗು ಯಾಕೆ ಅಳ್ತಿದೆ ಅಂತ ಗೊತ್ತಾಗೋಷ್ಟರಲ್ಲಿ ಹೊತ್ತಾಗಿರತ್ತೆ. ಅದಕ್ಕೆ ಕಾಲುಚೀಲ ಒಂದೇ ಬಣ್ಣ ನನ್ನದು. ಎತ್ತಿಡೋವಾಗ ನುಸಿಗುಳಿಗೆ ಹಾಕಬೇಡಿ, ಜಿ6ಪಿಡಿ ಅಂತ ರಕ್ತಕಣ ಕಾಯೋ ಒಂದು ಕಿಣ್ವದ ಕೊರತೆ ಇರೋ ಮಕ್ಕಳಿಗೆ ಅದರ ವಾಸನೆ ಹಿಡಿದ ಬಟ್ಟೆಯಿಂದಾನೇ ರಕ್ತಕಣ ಒಡೆದು ಕಾಮಾಲೆ ಆಗಬಹುದು, ಆ ಕೊರತೆ ಇದೆ ಅಂತ ಎಷ್ಟೋ ಸಲ ಮೊದ್ಲು ಗೊತ್ತೇ ಇರಲ್ಲ. ನಮ್ಮನೇಲಿ ಲಾವಂಚದ ಬೇರು ಇಡ್ತೀವಿ. ಒಗೆಯೋದು ಅಂಟುವಾಳದ ನೀರಲ್ಲಿ, ತಣ್ಣೀರು, ಹಿಂಡದೆ ಟವೆಲ್ಲಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ ಒಣಗಿಸೋದು. ಉಣ್ಣೇನ ಬಿಸಿನೀರಲ್ಲಿ ಹಾಕಿ ಉಜ್ಜಿದ್ರೆ ಎಳೆಗಳು ಒಂದಕ್ಕೊಂದು ಕಚ್ಕೊಂಡು ಕುಗ್ಗಿ ಗಟ್ಟಿಯಾಗತ್ತೆ, ಮತ್ತೆ ಸರಿಹೋಗಲ್ಲ.

ಒಂದು ವರ್ಷಕ್ಕೆ ಸಾಮಾನ್ಯವಾಗಿ ಮಗು 75 ಸೆಂಟಿಮೀಟರ್ ಉದ್ದ ಇದ್ರೆ ಮೂರು ವರ್ಷಕ್ಕೆ 95ರ ಹತ್ರ ಬಂದಿರತ್ತೆ, ಎದೆ ಮಾತ್ರ ನಾಲ್ಕೈದು ಸೆಂಟಿಮೀಟರ್ ಬೆಳೆದಿರತ್ತೆ ಅಷ್ಟೇ. ಮಕ್ಕಳು ಬೆಳೆಯೋದು ಉದ್ದಕ್ಕೆ. ಇದು ತಲೆಗೆ ಹೋದ್ಮೇಲೆ ನಾನು ಕೆಳಗಿಂದ ಹೆಣೆಯೋದು ಬಿಟ್ಟು ಕುತ್ತಿಗೆಯಿಂದ ಕೆಳಕ್ಕೆ ಹೆಣೆಯೋದು ರೂಢಿ ಮಾಡ್ಕೊಂಡೆ. ಹೆಣಿಗೆ ಮುಗಿದ ತುದಿಯಿಂದ ಸಲೀಸಾಗಿ ಬಿಚ್ಚಿಕೊಳ್ಳತ್ತೆ, ಶುರು ಮಾಡಿದ ತುದಿಯಿಂದ ಬಿಚ್ಚಲ್ಲ. ಮೇಲಿಂದ ಹೆಣೆದ್ರೆ ಮುಗಿದ ತುದಿಗಳು ಸೊಂಟದಲ್ಲಿ ಮಣಿಕಟ್ಟಲ್ಲಿ ಇರ್ತವೆ, ಮುಂದಿನ ವರ್ಷ ಅಂಚು ಬಿಚ್ಚಿ ನಾಲ್ಕು ಬೆರಳು ಉದ್ದ ಸೇರಿಸಿದ್ರೆ ಮತ್ತೆ ಆಗತ್ತೆ. ಅದಕ್ಕೆ ಒಂದು ಉಂಡೆ ನೂಲು ಜಾಸ್ತಿ ತಗೊಂಡು ಅದೇ ಸ್ವೆಟರ್ ಜೊತೆ ಇಟ್ಟಿರಿ, ಆಮೇಲೆ ಹೋಗಿ ಕೇಳಿದ್ರೆ ಅದೇ ಬಣ್ಣ ಸಿಗಲ್ಲ, ಸಿಕ್ರೂ ಒಂದು ಛಾಯೆ ಬೇರೆ ಇರತ್ತೆ.

ಇನ್ನು ಪೂರ್ತಿ ಚಿಕ್ಕದಾದ್ರೆ ಬಿಚ್ಚಿ ಹೊಸದು ಮಾಡೋದು. ಅಮ್ಮಂದು ಒಂದು ಮರೂನ್ ಬಣ್ಣದ ಸ್ವೆಟರ್ ಇತ್ತು, ಅವರಜ್ಜಿ ಮನೆ ಕಡೆಯಿಂದ ಬಂದ ಉಣ್ಣೆ. ಮೊಣಕೈ ಸವೆದ್ಮೇಲೆ ಅಮ್ಮ ಅದನ್ನ ಬಿಚ್ಚಿ ನನಗೆ ಸ್ಕೂಲ್ ಸ್ವೆಟರ್ ಮಾಡಿದ್ರು. ಬಿಚ್ಚಿದ ನೂಲು ಒತ್ತು ಶಾವಿಗೆ ಥರ ಸುರುಳಿಸುರುಳಿ ಇರತ್ತೆ, ಹಾಗೇ ಹೆಣೆದ್ರೆ ಸಾಲು ಏರುಪೇರು. ಅದನ್ನ ಕುರ್ಚಿ ಬೆನ್ನಿಗೆ ಲಡಿ ಸುತ್ತಿ ನಾಲ್ಕು ಕಡೆ ದಾರ ಕಟ್ಟಿ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಬಚ್ಚಲೊಲೆ ಮೇಲಿನ ಗಳಕ್ಕೆ ನೇತುಹಾಕಿ ಕೆಳಗೆ ಒಂದು ಸಣ್ಣ ಲೋಟ ಕಟ್ಟಿಬಿಡೋರು, ಮಳೆಗಾಲದಲ್ಲಿ ಬೇರೆಲ್ಲೂ ಒಣಗ್ತಿರ್ಲಿಲ್ಲ. ಬೆಳಗ್ಗೆ ಹೊತ್ತಿಗೆ ನೂಲು ನೆಟ್ಟಗಾಗಿ ಹೊಗೆ ವಾಸನೆ ಹಿಡಿದಿರ್ತಿತ್ತು. ನನ್ನ ಸ್ವೆಟರ್ ಆಮೇಲೆ ಅಕ್ಕನ ಮಗನ ಟೋಪಿ, ಅದೇ ಭುಜಕ್ಕೆ ಗುಂಡಿ ಹಾಕಿಸ್ಕೊಂಡ ಹುಡುಗನದ್ದೇ. ಅವನೀಗ ಆರಡಿ ಉದ್ದ ಇದಾನೆ, ಚಿಕ್ಕಿ ಅಂತ ಫೋನ್ ಮಾಡ್ತಾನೆ, ಇನ್ನೂ ಟೀಶರ್ಟ್ ಹಾಕೋವಾಗ ಕಣ್ಣು ಗಟ್ಟಿಯಾಗಿ ಮುಚ್ಕೊಳ್ತಾನೆ ಅಂತ ಅಕ್ಕ ಹೇಳ್ತಾಳೆ.

ಎರಡನೇ ಫ್ಲೋರ್ ಹುಡುಗಿ ನಿನ್ನೆ ಸಂಜೆ ಚೀಟಿ ತಂದ್ಲು. ಆಂಟಿ ಮೂರು ಸಲ ಅಳೆದೆ, ತಲೆ 46 ಮುಕ್ಕಾಲು, ಎದೆ 45, ತಲೇನೇ ದೊಡ್ಡದಿದೆಯಲ್ಲ ಆಂಟಿ ಅಂತ ಆಶ್ಚರ್ಯದಿಂದ ಹೇಳಿದ್ಲು. ಅರಿಶಿನ ಬಣ್ಣ ಬೇಕಂತೆ. ರಾತ್ರಿ ಕೂತು ಸಡಿಲವಾಗಿ 68 ಕುಣಿಕೆ ಹಾಕಿ ಕುತ್ತಿಗೆ ಪಟ್ಟಿ ಎಂಟು ಸಾಲು ಹೆಣೆದೆ, ಕಡ್ಡಿಯಿಂದ ತೆಗೆದು ಒಂದು ಉದ್ದ ದಾರಕ್ಕೆ ಪೋಣಿಸಿ ಇವತ್ತು ಬೆಳಗ್ಗೆ ಅವರ ಮನೆಗೆ ತಗೊಂಡು ಹೋದೆ. ಪಾಪು ನೆಲದ ಮೇಲೆ ಕೂತು ಸ್ಟೀಲ್ ಡಬ್ಬಿ ಮುಚ್ಚಳ ಬಡೀತಿತ್ತು. ಮೇಲಿಂದ ಮೆಲ್ಲಗೆ ಇಳಿಸಿದೆ, ಹಣೆ ದಾಟ್ತು, ಕಿವಿ ದಾಟ್ತು, ಹೋಗಿ ಕುತ್ತಿಗೇಲಿ ಕೂತ್ಕೊಳ್ತು, ಪಾಪು ಮುಚ್ಚಳ ಬಡಿಯೋದು ನಿಲ್ಲಿಸ್ಲಿಲ್ಲ.